ಹಳದಿಯಾದ ಗಾಜಿಗೂ ಲೆಕ್ಕವಿರಲಿ

ಬರ್ಲಿನ್ನಿನಲ್ಲಿ ಡಿಸೆಂಬರ್ ಬಂತೆಂದರೆ ಸಂಜೆ ನಾಲ್ಕಕ್ಕೇ ಕತ್ತಲು ಕವಿಯುತ್ತದೆ. ಸೂರ್ಯನನ್ನು ಇಷ್ಟು ಅಪರೂಪಕ್ಕೆ ಕಾಣುವ ಊರಿನಲ್ಲಿ ಪೆರೋವ್‌ಸ್ಕೈಟ್ ಎಂಬ ಹರಳಿನಂಥ ವಸ್ತುವಿನಿಂದ ಮಾಡುವ ಸೌರಕೋಶಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಪಾವಗಡದ ಬಿಸಿಲು ಮೇಲಿಂದ ಮೇಲೆ ನೆನಪಾಗುತ್ತದೆ.

ಕೆಲಸ ಬೆಂಗಳೂರಿನಲ್ಲಿಯೂ ಇಲ್ಲಿಯೂ ಒಂದೇ. ನೈಟ್ರೋಜನ್ ತುಂಬಿದ ಗ್ಲೋವ್ ಬಾಕ್ಸಿನೊಳಗೆ ಕೈ ತೂರಿಸಿ, ಸೀಸದ ಅಯೊಡೈಡ್ ಬೆರೆತ ಹಳದಿ ದ್ರಾವಣವನ್ನು ಗಿರಗಿರನೆ ತಿರುಗುವ ಗಾಜಿನ ಮೇಲೆ ಹನಿಸಬೇಕು. ಅದು ತಿರುಗುತ್ತಿರುವಾಗಲೇ ಸರಿಯಾದ ಗಳಿಗೆಯಲ್ಲಿ ಕ್ಲೋರೋಬೆಂಜೀನ್ ಎಂಬ ದ್ರಾವಕ ಬಿಟ್ಟು, ಬಳಿಕ ಸುಮಾರು 100 ಡಿಗ್ರಿ ಕಾವಿನಲ್ಲಿಟ್ಟರೆ ಗಾಜು ಕಾಫಿ ಡಿಕಾಕ್ಷನ್ನಿನಂತೆ ಕಡುಗಪ್ಪಾಗುತ್ತದೆ. ಗಳಿಗೆ ತಪ್ಪಿದರೆ ಪದರ ಮಂಕಾಗುತ್ತದೆ. ತೇವ ತಾಗಿದರೆ ಕಪ್ಪೆಲ್ಲ ಒಡೆದು ಮತ್ತೆ ಹಳದಿಯೇ ಉಳಿಯುತ್ತದೆ.

ವ್ಯತ್ಯಾಸವಿರುವುದು ಆ ಹಳದಿ ಗಾಜಿಗೆ ಕೊಡುವ ಬೆಲೆಯಲ್ಲಿ. ಬೆಂಗಳೂರಿನಲ್ಲಿ ನಾನು ಎಂ.ಎಸ್ಸಿ. ಪ್ರಾಜೆಕ್ಟ್ ಮಾಡಿದ ಕಡೆ ಅದು ನೇರ ತ್ಯಾಜ್ಯದ ಡಬ್ಬಿ ಸೇರುತ್ತಿತ್ತು. ಇಪ್ಪತ್ತು ಕೋಶ ಮಾಡಿದರೆ ಅತ್ಯುತ್ತಮವಾದ ಒಂದರ ಅಂಕಿ ಮಾತ್ರ ವರದಿಗೆ ಏರುತ್ತಿತ್ತು. ನಮ್ಮ ಇಲ್ಲಿನ ಗುಂಪಿನಲ್ಲಿ ಇಪ್ಪತ್ತೂ ಕೋಶಗಳ ಅಂಕಿಯನ್ನು ಎಲ್ಲರ ಮುಂದಿಡಬೇಕು. ಅಂದಿನ ತೇವಾಂಶವೆಷ್ಟು, ದ್ರಾವಕದ ಬಾಟಲಿಯ ಮುಚ್ಚಳ ತೆರೆದು ಎಷ್ಟು ದಿನವಾಯಿತು ಎಂಬುದನ್ನೂ ಬರೆದಿಡಬೇಕು. ಕೆಟ್ಟ ಕೋಶವನ್ನು ತೋರಿಸಲು ವಿದ್ಯಾರ್ಥಿ ನಾಚಬೇಕಾಗಿಲ್ಲ ಎನ್ನುವುದೇ ನನಗೆ ಬಹಳ ದೊಡ್ಡದಾಗಿ ಕಂಡಿತು. ಹಾಗೆಂದು ಎಲ್ಲವೂ ಇಲ್ಲಿಯೇ ಮೇಲು ಎನ್ನಲಾರೆ. ನಿರ್ವಾತ ಪಂಪು ಕೆಟ್ಟರೆ ಇಲ್ಲಿ ತಂತ್ರಜ್ಞರಿಗಾಗಿ ಕಾಯುತ್ತೇವೆ, ಬೆಂಗಳೂರಿನಲ್ಲಿ ನಾವೇ ಬಿಚ್ಚಿ ಸರಿಪಡಿಸುತ್ತಿದ್ದೆವು. ಯಂತ್ರದ ಒಳಗನ್ನು ನಾನು ಕಲಿತದ್ದು ಅಲ್ಲಿಯೇ.

ಈ ವಸ್ತುವಿನಿಂದ ಸೌರಕೋಶ ಮಾಡಬಹುದೆಂದು ಮೊದಲು ತೋರಿಸಿದವರು ಜಪಾನಿನ ಸುತೋಮು ಮಿಯಾಸಾಕಾ ಮತ್ತು ಆಗ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅಕಿಹಿರೊ ಕೊಜಿಮಾ. 2009ರಲ್ಲಿ ಅವರಿಗೆ ದಕ್ಕಿದ ದಕ್ಷತೆ, ಅಂದರೆ ಬಿಸಿಲಿನಲ್ಲಿ ವಿದ್ಯುತ್ತಾಗುವ ಪಾಲು, ಕೇವಲ ಶೇ. 3.8. ಈಗ ಅದು ಶೇ. 26ನ್ನು ದಾಟಿದೆ, ಸಿಲಿಕಾನ್ ಜೊತೆ ಜೋಡಿಸಿದ ಕೋಶ 2022ರಲ್ಲಿ ಇದೇ ಬರ್ಲಿನ್ನಿನಲ್ಲಿ ಶೇ. 32.5 ಮುಟ್ಟಿತು. ಆದರೆ ಈ ಅಂಕಿಗಳನ್ನು ಅಳೆಯುವುದು 25 ಡಿಗ್ರಿ ಉಷ್ಣತೆಯಲ್ಲಿ. ಏಪ್ರಿಲ್ಲಿನ ಮಧ್ಯಾಹ್ನ ಪಾವಗಡದಲ್ಲಿ ಫಲಕಕ್ಕೆ ಕೈಯಿಟ್ಟವರಿಗೆ ಆ 25 ಡಿಗ್ರಿ ಎಷ್ಟು ದೂರದ್ದೆಂದು ಹೇಳಬೇಕಾಗಿಲ್ಲ.

ದಕ್ಷತೆಯ ಓಟದಲ್ಲಿ ನಮ್ಮ ವಿದ್ಯಾರ್ಥಿಗಳು ಯುರೋಪಿನ ಬೆನ್ನು ಹತ್ತಬೇಕಾಗಿಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಕೋಶ ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ನಾವು ಬಿಸಿಯನ್ನೂ ತೇವವನ್ನೂ ಪೆಟ್ಟಿಗೆಯೊಳಗೆ ಹುಟ್ಟಿಸಿ ಉತ್ತರ ಹುಡುಕುತ್ತೇವೆ. ನಮ್ಮ ನಾಡಿನಲ್ಲಿ ರಾಯಚೂರಿನ ಬೇಸಿಗೆಯೂ ಮಂಗಳೂರಿನ ಮಳೆಗಾಲವೂ ತಾವಾಗಿಯೇ ಒದಗುತ್ತವೆ. 2,050 ಮೆಗಾವಾಟ್ ಸಾಮರ್ಥ್ಯದ ಪಾವಗಡದ ಸೌರ ಉದ್ಯಾನದಲ್ಲಿ ಒಂದು ಮೂಲೆಯನ್ನು ಸಂಶೋಧನಾ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟು, ಅವರು ಮಾಡಿದ ಕೋಶಗಳನ್ನು ವರ್ಷವಿಡೀ ಅಲ್ಲಿ ಬಿಸಿಲಿಗಿಟ್ಟು, ಯಾವುದು ಯಾವ ವಾರ ಹಳದಿಯಾಯಿತೆಂದು ಒಂದನ್ನೂ ಬಿಡದೆ ಬರೆದಿಡುವ ಏರ್ಪಾಡಾಗಬೇಕು.