ಟಕ್ಸೀಡೊ ತೊಟ್ಟ ಗ್ಲ್ಯಾಡಿಸ್, ಪಾತ್ರೆ ತೊಳೆದ ಗ್ಲ್ಯಾಡಿಸ್

ಮಗಳ ಬಾಣಂತನಕ್ಕೆ ಅಂತ ಜರ್ಸಿ ಸಿಟಿಗೆ ಹೋಗಿ ನಾಲ್ಕು ತಿಂಗಳು ಇದ್ದು ಬಂದೆ. ಮೆಣಸಿನ ಸಾರು, ಅಂಟಿನುಂಡೆ, ಡೈಪರು, ರಾತ್ರಿ ಎರಡು ಗಂಟೆಯ ಅಳು. ಇದರ ಮಧ್ಯೆ ನನಗೆ ಒಬ್ಬ ಹೆಂಗಸಿನ ಹುಚ್ಚು ಹಿಡಿಯಿತು. ಹೆಸರು ಗ್ಲ್ಯಾಡಿಸ್ ಬೆಂಟ್ಲಿ. ಆಕೆ ಸತ್ತು ಅರವತ್ತು ವರ್ಷದ ಮೇಲಾಯಿತು.

ಶುರುವಾದದ್ದು ಒಂದು ಫೋಟೋದಿಂದ. ಮಗಳು ಫೋನಿನಲ್ಲಿ ಏನೋ ನೋಡುತ್ತಿದ್ದಳು, ಪಕ್ಕದಿಂದ ಇಣುಕಿದೆ. ಬಿಳಿ ಟಕ್ಸೀಡೊ ಸೂಟು, ತಲೆಯ ಮೇಲೆ ಎತ್ತರದ ಬಿಳಿ ಟೋಪಿ, ಕೈಯಲ್ಲಿ ಬೆತ್ತ. ನೂರು ಕಿಲೋ ದಾಟಿದ ಕಪ್ಪು ಮೈ. ಊರಿಗೇ ಯಜಮಾನನ ಹಾಗೆ ನಗು.

"ಯಾರೇ ಇವನು, ಏನು ಠೀವಿ!" ಅಂದೆ.

"ಅಮ್ಮಾ, ಅದು ಹೆಂಗಸು. ಕ್ಯಾಬರೆ ಕಲಾವಿದೆ."

ಕ್ಯಾಬರೆ! ನನ್ನ ವಯಸ್ಸಿನವರಿಗೆ ಆ ಪದ ಕೇಳಿದರೆ ಕಣ್ಣಮುಂದೆ ಬರೋದು ಸಿನಿಮಾದ ಖಳನಾಯಕನ ಅಡ್ಡೆ ತಾನೆ? ಮಿಣುಕು ದೀಪ, ಗಾಜಿನ ಲೋಟ, ಅರೆಬಟ್ಟೆಯ ಕುಣಿತ. ಆ ದೃಶ್ಯ ಬಂದಾಗಲೆಲ್ಲ ನಮ್ಮಪ್ಪನಿಗೆ ಕೆಮ್ಮು ಬರುತ್ತಿತ್ತು. ಆದರೆ ಕ್ಯಾಬರೆ ಅಂದರೆ ಅದಷ್ಟೇ ಅಲ್ಲ. ಊಟ, ಕುಡಿತ ನಡೆಯುವ ಸಣ್ಣ ಜಾಗ. ಮೇಜುಗಳ ಮಧ್ಯದಲ್ಲೇ ಹಾಡು, ಪಿಯಾನೋ, ತಮಾಷೆ, ಚುಚ್ಚುಮಾತು. ನಾಟಕದ ಹಾಗೆ ಪರದೆ ಇಲ್ಲ, ದೂರ ಇಲ್ಲ. ಹಾಡುವವರು ಸೀದಾ ನಿಮ್ಮ ಮೇಜಿಗೆ ಬಂದು ನಿಮ್ಮ ಹೆಂಡತಿಯನ್ನೇ ಚುಡಾಯಿಸಬಹುದು. ಬೆಂಟ್ಲಿ ಮಾಡುತ್ತಿದ್ದದ್ದು ಅದನ್ನೇ.

ಕನ್ನಡದಲ್ಲಿ ಈಕೆಯ ಬಗ್ಗೆ ಬರೆಯಲು ಕೂತರೆ ಮೊದಲು ತೊಡಕಾಗುವುದು ಕ್ರಿಯಾಪದ. ಬಂದಳು ಅನ್ನಲೋ, ಬಂದನು ಅನ್ನಲೋ? 'ಬಂದರು' ಅಂದುಬಿಟ್ಟರೆ ಬಚಾವು, ಮರ್ಯಾದೆಯೂ ಆಯಿತು, ಗಂಡೋ ಹೆಣ್ಣೋ ಹೇಳುವ ತಾಪತ್ರಯವೂ ಇಲ್ಲ. ಆದರೆ ಅದು ಜಾರಿಕೊಂಡ ಹಾಗಾಗುತ್ತದೆ. ಆಕೆ ತನ್ನ ಬಗ್ಗೆ ಹೆಂಗಸು ಅಂತಲೇ ಬರೆದುಕೊಂಡಿದ್ದಾಳೆ, ಹಾಗಾಗಿ ನಾನೂ ಆಕೆ ಅಂತೀನಿ. ಎಂಥ ಪರಿಸ್ಥಿತಿಯಲ್ಲಿ ಹಾಗೆ ಬರೆದಳು ಅನ್ನೋದು ಆಮೇಲೆ ಬರುತ್ತದೆ.

ಹುಟ್ಟಿದ್ದು 1907, ಫಿಲಡೆಲ್ಫಿಯಾ. ತಾಯಿ ಟ್ರಿನಿಡಾಡ್‌ನವಳು. ಗಂಡು ಮಗು ಬೇಕು ಅಂತ ಕಾದಿದ್ದವಳು ಹೆಣ್ಣು ಅಂತ ಗೊತ್ತಾದಾಗ ಮಗುವನ್ನು ಮುಟ್ಟಲೇ ಇಲ್ಲವಂತೆ. ಆರು ತಿಂಗಳು ಅಜ್ಜಿ ಬಾಟಲಿ ಹಾಲು ಕುಡಿಸಿ ಸಾಕಿದಳು. ಇದನ್ನು ಹೇಳಿಕೊಂಡವಳು ಸ್ವತಃ ಗ್ಲ್ಯಾಡಿಸ್. ನಾನು ಇದನ್ನು ಓದಿದಾಗ ನನ್ನ ತೊಡೆಯ ಮೇಲೆ ಮೊಮ್ಮಗಳು, ಕೈಯಲ್ಲಿ ಬಾಟಲಿ. ಆಮೇಲೆ ಈಕೆಯನ್ನು ಬಿಡೋಕೆ ಆಗಲೇ ಇಲ್ಲ ನೋಡಿ.

ಸ್ಕೂಲಿಗೆ ತಮ್ಮಂದಿರ ಸೂಟು ಹಾಕಿಕೊಂಡು ಹೋಗುತ್ತಿದ್ದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹದಿನಾರಕ್ಕೆ ಮನೆ ಬಿಟ್ಟು ನ್ಯೂಯಾರ್ಕಿಗೆ ಹೋದಳು. ಅಲ್ಲಿನ ಕಪ್ಪು ಜನರ ಬಡಾವಣೆ ಹಾರ್ಲೆಂ. ಅದರ 133ನೇ ಬೀದಿಯಲ್ಲಿ ಹ್ಯಾರಿ ಹ್ಯಾನ್ಸ್‌ಬೆರಿ ಅನ್ನುವವನ ಕ್ಲ್ಯಾಮ್ ಹೌಸ್ ಅನ್ನುವ ಕ್ಲಬ್ಬು ಇತ್ತು. ಆಗ ಮದ್ಯ ನಿಷೇಧದ ಕಾಲ, ಕದ್ದು ಕುಡಿಯುವ ಜಾಗಗಳೇ ರಾತ್ರಿಯ ಲೋಕ. ಅಲ್ಲಿಗೆ ಗಂಡಸು ಪಿಯಾನೋದವನು ಬೇಕಾಗಿದ್ದ, ಇವಳು ಹೋಗಿ ಕೂತಳು. ವಾರಕ್ಕೆ 35 ಡಾಲರಿನಿಂದ ಶುರುವಾಗಿ 125ಕ್ಕೆ ಏರಿತು. ಎಲ್ಲರಿಗೂ ಬಾಯಿಪಾಠವಾದ ಸಭ್ಯ ಹಾಡುಗಳನ್ನು ಎತ್ತಿಕೊಂಡು ಪೋಲಿ ಸಾಲು ಸೇರಿಸೋದು, ಪಲ್ಲವಿಯನ್ನು ಜನರ ಕೈಲೇ ಹಾಡಿಸೋದು, ಗಂಟಲಲ್ಲೇ ಟ್ರಂಪೆಟ್ ಊದಿದ ಹಾಗೆ ಗುರುಗುಟ್ಟೋದು. ಮುಂದಿನ ಮೇಜಿನ ಹೆಂಗಸರ ಜೊತೆ ಸರಸ ಬೇರೆ. ಬಿಳಿ ಹೆಂಗಸೊಬ್ಬಳನ್ನು ಮದುವೆ ಆಗಿದ್ದೇನೆ ಅಂತಲೂ ಹೇಳಿಕೊಂಡು ಓಡಾಡಿದಳು.

ಈಗ ಆ ಮುಂದಿನ ಮೇಜಿನಲ್ಲಿ ಯಾರಿದ್ದರು ಅಂತ ನೋಡಿ. ಅದೇ ಹಾರ್ಲೆಂನಲ್ಲಿ ಕಾಟನ್ ಕ್ಲಬ್ ಅಂತ ಇತ್ತು. ವೇದಿಕೆಯ ಮೇಲೆ ಕಪ್ಪು ಕಲಾವಿದರು, ಕೆಳಗೆ ಬಿಳಿ ಗಿರಾಕಿಗಳು. ಗಿರಾಕಿಯಾಗಿ ಕಪ್ಪು ಜನಕ್ಕೆ ಒಳಗೆ ಪ್ರವೇಶ ಇಲ್ಲ, ಅದೂ ಅವರದ್ದೇ ಬಡಾವಣೆಯಲ್ಲಿ! ಕುಣಿಯುವ ಹುಡುಗಿಯರಲ್ಲೂ ಬಣ್ಣ ತಿಳಿ ಇದ್ದವರಿಗೆ ಮಾತ್ರ ಕೆಲಸ. (ಮ್ಯಾಟ್ರಿಮೋನಿ ಜಾಹೀರಾತು ನೆನಪಾದರೆ ತಪ್ಪು ನನ್ನದಲ್ಲ.) ಕ್ಲ್ಯಾಮ್ ಹೌಸ್ ಅಷ್ಟು ಕೆಟ್ಟದ್ದಲ್ಲ, ಎರಡೂ ಬಣ್ಣದವರು ಬರುತ್ತಿದ್ದರು. ಆದರೂ ಆ ಬೀದಿಗೆ ಇದ್ದ ಅಡ್ಡಹೆಸರು 'ಜಂಗಲ್ ಆಲಿ', ಕಾಡಿನ ಗಲ್ಲಿ. ಹಾರ್ಲೆಂ ಕವಿ ಲ್ಯಾಂಗ್ಸ್‌ಟನ್ ಹ್ಯೂಸ್ 1940ರ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದಿದ್ದಾರೆ. ಬಿಳಿಯರು ಒಳ್ಳೊಳ್ಳೆ ಮೇಜು ಹಿಡಿದು ಕೂತು, ಮೃಗಾಲಯದಲ್ಲಿ ಪ್ರಾಣಿ ನೋಡುವ ಹಾಗೆ ಕಪ್ಪು ಜನರನ್ನು ನೋಡುತ್ತಿದ್ದರಂತೆ. ಅದೇ ಪುಸ್ತಕದಲ್ಲಿ ಬೆಂಟ್ಲಿಯ ಬಗ್ಗೆ ತುಂಬು ಮನಸ್ಸಿನ ಹೊಗಳಿಕೆ ಇದೆ: ರಾತ್ರಿಯಿಡೀ ನಿಲ್ಲಿಸದೆ ಬಾರಿಸುವವಳು, ಕಾಲು ನೆಲ ಕುಟ್ಟಿದರೆ ಬೆರಳು ಪಿಯಾನೋ ಕುಟ್ಟುತ್ತಿತ್ತು, ಜೀವ ಬಂದ ಆಫ್ರಿಕನ್ ಶಿಲ್ಪದ ಹಾಗೆ. ಚೆನ್ನಾಗಿದೆ. ಆದರೆ ಮೆಚ್ಚಿದವರಿಗೂ ಆಕೆ ಶಿಲ್ಪವೇ ಆಗಿ ಕಂಡಳಲ್ಲ ಅಂತ ನನಗೆ ಸ್ವಲ್ಪ ಕಸಿವಿಸಿ.

ಅಂಥ ಕಣ್ಣುಗಳ ಮುಂದೆ ಆಕೆ ಏನು ಹಾಕಿಕೊಂಡು ಕೂತಳು? ಹುಲ್ಲಿನ ಲಂಗ ಅಲ್ಲ, ಬಾಳೆಹಣ್ಣಿನ ಸೊಂಟಪಟ್ಟಿ ಅಲ್ಲ. ಟಕ್ಸೀಡೊ. ಅದು ಬಿಳಿ ಸಾಹುಕಾರ ಸಂಜೆ ಊಟಕ್ಕೆ ಹೊರಡುವಾಗ ತೊಡುವ ಬಟ್ಟೆ. ಎದುರಿನ ಮೇಜಿನವನೂ ಅದನ್ನೇ ತೊಟ್ಟಿರುತ್ತಿದ್ದ! ಅವನ ಬಟ್ಟೆಯನ್ನೇ ಅವನಿಗಿಂತ ಚೆನ್ನಾಗಿ ತೊಟ್ಟು, ಅವನ ಕಣ್ಣೆದುರೇ ಅವನ ಹೆಂಡತಿಯನ್ನು ರೇಗಿಸೋದು. 1955ರಲ್ಲಿ, ಇದಾಗಿ ಇಪ್ಪತ್ತೈದು ವರ್ಷದ ಮೇಲೆ, ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಅನ್ನುವ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಕೊಂದರು. ಅಂಗಡಿಯಲ್ಲಿ ಬಿಳಿ ಹೆಂಗಸಿನ ಜೊತೆ ಸಲುಗೆಯಿಂದ ನಡೆದುಕೊಂಡ ಅನ್ನೋದು ಅವನ ಮೇಲಿನ ಆರೋಪ. ಆ ದೇಶದಲ್ಲಿ ಬೆಂಟ್ಲಿ ರಾತ್ರಿ ರಾತ್ರಿ ಬಿಳಿ ಹೆಂಗಸರನ್ನು ಚುಡಾಯಿಸಿ, ಅದಕ್ಕೆ ಅವರ ಗಂಡಂದಿರ ಕೈಲೇ ದುಡ್ಡು ಕೊಡಿಸಿಕೊಂಡಳು. ಗಂಡಸಾಗಿದ್ದರೆ ಸಾಯಿಸುತ್ತಿದ್ದರು. ಹೆಂಗಸಾದ್ದರಿಂದ ನಕ್ಕರು. ಆ ನಗುವಿನ ಮರೆಯಲ್ಲಿ ಎಷ್ಟು ಹೇಳಬಹುದೋ ಅಷ್ಟನ್ನೂ ಆಕೆ ಹೇಳಿಬಿಟ್ಟಳು ಅಂತ ನನಗನ್ನಿಸುತ್ತದೆ.

ಇನ್ನೊಂದು ವಿಚಿತ್ರ. 1928ರಲ್ಲಿ ಓಕೆ ಅನ್ನುವ ಕಂಪನಿಗೆ ಎಂಟು ಹಾಡು ರೆಕಾರ್ಡ್ ಮಾಡಿದಳು. ಅವುಗಳಲ್ಲಿ ಪೋಲಿ ಸಾಲೂ ಇಲ್ಲ, ಟಕ್ಸೀಡೊದ ಜಂಬವೂ ಇಲ್ಲ. ಹೊಡೆಯುವ ಗಂಡ, ಕೈಕೊಟ್ಟ ಪ್ರಿಯ, ನೊಂದ ಹೆಣ್ಣು. ಅಂಗಡಿಯಲ್ಲಿ ಮಾರುವ ಗ್ರಾಮಫೋನ್ ತಟ್ಟೆಗೆ ಒಂದು ಗ್ಲ್ಯಾಡಿಸ್, ರಾತ್ರಿಯ ಗಿರಾಕಿಗೆ ಇನ್ನೊಂದು ಗ್ಲ್ಯಾಡಿಸ್.

ಹಾರ್ಲೆಂನ ಎಲ್ಲರೂ ಮೆಚ್ಚಿಕೊಂಡಿದ್ದರು ಅಂತಲೂ ಇಲ್ಲ. 138ನೇ ಬೀದಿಯ ಅಬಿಸಿನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಆಡಂ ಕ್ಲೇಟನ್ ಪಾವೆಲ್ ಸೀನಿಯರ್ 1929ರಲ್ಲೇ ಸಲಿಂಗ ಪ್ರೀತಿಯವರ ವಿರುದ್ಧ ಗುಡುಗಿದ್ದರು. ಊರ ಮರ್ಯಾದೆ ಹೋಗುತ್ತದೆ ಅನ್ನುವ ಚಿಂತೆ. ನಮಗೇನು ಹೊಸದಾ ಅದು?

ನಂತರದ್ದು ಇಳಿಜಾರು. ಆರ್ಥಿಕ ಕುಸಿತ ಬಂತು. 1933ರಲ್ಲಿ ಮದ್ಯ ನಿಷೇಧ ಹೋಯಿತು. ಕುಡಿಯೋಕೆ ಹಾರ್ಲೆಂವರೆಗೆ ಹೋಗಬೇಕಾಗಿಲ್ಲ ಅಂತಾದ ಮೇಲೆ ಬಿಳಿಯರಿಗೆ ಹಾರ್ಲೆಂ ಪ್ರೀತಿಯೂ ಕಡಿಮೆಯಾಯಿತು. 1934ರಲ್ಲಿ ಆಕೆ ಊರ ಮಧ್ಯದ ಒಂದು ಕ್ಲಬ್ಬಿನಲ್ಲಿ ಹಾಡಿದಾಗ ಅಶ್ಲೀಲ ಅಂತ ದೂರು ಹೋಗಿ ಪೊಲೀಸರು ಬೀಗ ಜಡಿದರು. ವಾಪಸ್ ಹಾರ್ಲೆಂಗೆ ಬಂದು ಉಬಾಂಗಿ ಕ್ಲಬ್ಬಿನಲ್ಲಿ, ಹೆಣ್ಣುವೇಷದ ಗಂಡಸರ ತಂಡ ಕಟ್ಟಿಕೊಂಡು ಮೂರು ವರ್ಷ ಮೆರೆದಳು. ಉಬಾಂಗಿ ಅನ್ನೋದು ಮಧ್ಯ ಆಫ್ರಿಕದ ಒಂದು ನದಿ. ಕ್ಲಬ್ಬಿನ ಹೆಸರಿನಲ್ಲೂ ಕಾಡೇ!

1937ರಲ್ಲಿ ಲಾಸ್ ಏಂಜಲೀಸ್‌ಗೆ ಹೋದಳು. ಯಾರ ಜೊತೆ ಇರೋಕೆ ಗೊತ್ತಾ? ಅದೇ ಅಮ್ಮನ ಜೊತೆ, ಹುಟ್ಟಿದಾಗ ಮುಟ್ಟದೆ ಇದ್ದ ಅಮ್ಮನ ಜೊತೆ. ಅಲ್ಲಿನ ಒಂದು ಕ್ಲಬ್ಬು ಆಕೆ ಪ್ಯಾಂಟು ತೊಟ್ಟು ಹಾಡೋದಕ್ಕೆ ಪೊಲೀಸರಿಂದ ವಿಶೇಷ ಪರ್ಮಿಟ್ ತರಬೇಕಾಯಿತು. ಪ್ಯಾಂಟಿಗೆ ಪರ್ಮಿಟ್! ಯುದ್ಧದ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೋನಾಸ್ ಅನ್ನುವ, ಹೆಂಗಸರನ್ನು ಪ್ರೀತಿಸುವ ಹೆಂಗಸರ ಕ್ಲಬ್ಬಿನಲ್ಲಿ ಹಾಡಿದಳು. ಆಗಿನ ಪ್ರಚಾರದ ಫೋಟೋ ಮೇಲೆ 'ಬ್ರೌನ್ ಬಾಂಬರ್' ಅಂತ ಬಿರುದು ಅಚ್ಚಾಗಿದೆ. ಬಾಕ್ಸರ್ ಜೋ ಲೂಯಿಸ್‌ಗೆ ಜನ ಇಟ್ಟಿದ್ದ ಹೆಸರು ಅದು.

ಈಗ ನನಗೂ ಮಗಳಿಗೂ ಜಗಳ ಹಚ್ಚಿದ ವಿಷಯಕ್ಕೆ ಬರುತ್ತೇನೆ.

1952ರ ಆಗಸ್ಟ್‌ನಲ್ಲಿ ಎಬೊನಿ ಪತ್ರಿಕೆಯಲ್ಲಿ ಬೆಂಟ್ಲಿ ಹೆಸರಿನಲ್ಲಿ ಒಂದು ಲೇಖನ ಬಂತು. ತಲೆಬರಹ, 'ನಾನು ಮತ್ತೆ ಹೆಂಗಸಾದೆ'. ಎಬೊನಿ ಕಪ್ಪು ಜನರದ್ದೇ ಪತ್ರಿಕೆ, ಮರ್ಯಾದಸ್ಥರ ಮನೆಗಳಿಗೆ ಹೋಗುವಂಥದ್ದು. ಎರಡು ಲಿಂಗಗಳ ನಡುವಿನ ಯಾರಿಗೂ ಸೇರದ ಅರೆಗತ್ತಲ ನೆಲದಲ್ಲಿ ನರಕ ಅನುಭವಿಸಿದೆ, ಹಾರ್ಮೋನ್ ಇಂಜೆಕ್ಷನ್ ತಗೊಂಡೆ, ಗಂಡಸಿನ ಪ್ರೀತಿ ಸಿಕ್ಕಿತು ಅನ್ನುತ್ತದೆ ಲೇಖನ. ಜೊತೆಗೆ ಫೋಟೋಗಳು. ಪಾತ್ರೆ ತೊಳೆಯುತ್ತಿರುವ ಗ್ಲ್ಯಾಡಿಸ್, ಹಾಸಿಗೆ ಸರಿಮಾಡುತ್ತಿರುವ ಗ್ಲ್ಯಾಡಿಸ್, ಗಂಡನಿಗೆ ಮಾಡಿದ ಅಡುಗೆಯ ರುಚಿ ನೋಡುತ್ತಿರುವ ಗ್ಲ್ಯಾಡಿಸ್. ಗಂಡ ಅಂತ ಆಕೆ ಹೆಸರಿಸಿದವನು ಮದುವೆಯೇ ಆಗಿಲ್ಲ ಅಂದುಬಿಟ್ಟ. ಆಮೇಲೆ ಒಬ್ಬ ಅಡುಗೆಯವನನ್ನು ನಿಜವಾಗಿ ಮದುವೆಯಾದಳು. ಅದೂ ಉಳಿಯಲಿಲ್ಲ.

"ಎಲ್ಲ ಸುಳ್ಳು ಅಮ್ಮಾ, ಬಲವಂತದ ಸುಳ್ಳು" ಅಂದಳು ಮಗಳು. ಅವಳ ಮಾತಿಗೆ ಆಧಾರ ಇಲ್ಲದೆ ಇಲ್ಲ. ಅದೇ 1952ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಮೊದಲ ರೋಗಪಟ್ಟಿಯಲ್ಲಿ ಸಲಿಂಗ ಪ್ರೀತಿಯನ್ನೂ ಸೇರಿಸಿತ್ತು. ತೆಗೆದದ್ದು 1973ರಲ್ಲಿ. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಆದೇಶದಿಂದ ಇಂಥವರನ್ನು ಕೇಂದ್ರ ಸರ್ಕಾರದ ಕೆಲಸಗಳಿಂದ ತೆಗೆಯೋದಕ್ಕೆ ದಾರಿಯಾಯಿತು. ಬಾಯಿಬಿಟ್ಟು ಬದುಕಿದ ಕಪ್ಪು ಹೆಂಗಸಿಗೆ ಅಲ್ಲಿ ಯಾವ ರಕ್ಷಣೆ?

ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಈಗಿನವರು ಆಕೆಯ ಬಗ್ಗೆ ಹಾಕುವ ಪೋಸ್ಟ್ ನೋಡಿ. ಟಕ್ಸೀಡೊ ಫೋಟೋ, ಎರಡು ಹೃದಯ, 'ಕ್ವೀನ್' ಅಂತ ಒಂದು ಮಾತು, ಮುಗಿಯಿತು. ಪಾತ್ರೆ ತೊಳೆಯುವ ಫೋಟೋ ಯಾರೂ ಹಾಕಲ್ಲ. ಹಾಕಿದರೂ 'ಪಾಪ' ಅಂತ ಒಂದು ಅಡಿಬರಹ. 1930ರ ಬಿಳಿಯರಿಗೆ ಟಕ್ಸೀಡೊ ಬೇಕಿತ್ತು, ಆಕೆ ಕೊಟ್ಟಳು. 1952ರ ಓದುಗರಿಗೆ ಗೃಹಿಣಿ ಬೇಕಿತ್ತು, ಅದನ್ನೂ ಕೊಟ್ಟಳು. ನಮಗೆ ಈಗ ಮತ್ತೆ ಟಕ್ಸೀಡೊ ಬೇಕು. ನಾವೂ ಒಳ್ಳೆ ಮೇಜು ಹಿಡಿದು ಕೂತವರೇ ಅಲ್ವಾ? ನಮಗೆ ಬೇಕಾದ ಗ್ಲ್ಯಾಡಿಸ್ ನಿಜ, ಬೇಡದ್ದು ಬಲವಂತ ಅಂತ ತೀರ್ಮಾನಿಸೋಕೆ ನಾವ್ಯಾರು? ನಲವತ್ತೈದು ವರ್ಷದ ಮೈ ಸುಸ್ತಾಗಿತ್ತೋ ಏನೋ. ವಯಸ್ಸಾದ ಅಮ್ಮ ಜೊತೆಗಿದ್ದಳು. ಚರ್ಚಿಗೆ ಹೋಗೋದು ಕೊನೆಯವರೆಗೂ ಬಿಡಲಿಲ್ಲ, ಪಾದ್ರಿಯಾಗುವ ತಯಾರಿಯಲ್ಲಿದ್ದಳು. ಅದೂ ನಾಟಕವಾ?

"ನೀನು ಅವರ ಪರ ಮಾತಾಡ್ತಿದ್ದೀಯ" ಅಂದಳು ಮಗಳು. ಅವತ್ತು ಸಂಜೆ ಇಬ್ಬರೂ ಮಾತಾಡಲಿಲ್ಲ. ಬಾಣಂತಿ ಜೊತೆ ಜಗಳ ಆಡಬಾರದು ಅಂತ ನಮ್ಮತ್ತೆ ಹೇಳುತ್ತಿದ್ದರು.

ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ. 2021ರಲ್ಲಿ ಮಂಜಮ್ಮ ಜೋಗತಿಯವರು ಪದ್ಮಶ್ರೀ ತಗೊಳ್ಳುವಾಗ ಸೆರಗು ಬೀಸಿ ರಾಷ್ಟ್ರಪತಿಗೆ ದೃಷ್ಟಿ ತೆಗೆದ ವಿಡಿಯೋ ಬಂತಲ್ಲ, ಅದನ್ನು ನಾನು ಆರು ಗುಂಪಿಗೆ ಕಳಿಸಿದೆ. ಕಣ್ಣಲ್ಲಿ ನೀರೂ ಬಂದಿತ್ತು. ಅದೇ ವಾರ ಸಿಗ್ನಲ್ಲಿನಲ್ಲಿ ಒಬ್ಬರು ಕಾರಿನ ಹತ್ತಿರ ಬಂದಾಗ ಗಾಜು ಏರಿಸಿದೆ.

ಊರಿಗೆ ಹೊರಡುವ ಮುಂಚೆ ಒಂದು ಭಾನುವಾರ ಅಳಿಯ ಮಗು ನೋಡಿಕೊಂಡ. ನಾನು ಮಗಳು ಹಾರ್ಲೆಂಗೆ ಹೋದೆವು. 135ನೇ ಬೀದಿಯಲ್ಲಿ ಸಬ್‌ವೇ ಇಳಿದರೆ ಪಕ್ಕದಲ್ಲೇ ಶೋಂಬರ್ಗ್ ಗ್ರಂಥಾಲಯ. ಲ್ಯಾಂಗ್ಸ್‌ಟನ್ ಹ್ಯೂಸ್ ಅವರ ಚಿತಾಭಸ್ಮ ಇರೋದು ಆ ಕಟ್ಟಡದ ನೆಲದಡಿಯಲ್ಲೇ. ಅವತ್ತು ಬಾಗಿಲು ಹಾಕಿತ್ತು, ಒಳಗೆ ಹೋಗಲಾಗಲಿಲ್ಲ. 133ನೇ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದೆವು. ಮೆಟ್ಟಿಲಿರುವ ಹಳೇ ಮನೆಗಳು, ಒಬ್ಬ ಮುದುಕ ಕಾರು ಒರೆಸುತ್ತಿದ್ದ. ಅಷ್ಟೇ. ಮಗಳು ಮೆಟ್ಟಿಲ ಮುಂದೆ ನನ್ನ ಫೋಟೋ ತೆಗೆದಳು. ಬೆತ್ತ ಇಲ್ಲ, ಕೊಡೆ ಹಿಡಿದು ನಿಂತೆ.

ವಾಪಸ್ ಬರುವಾಗ ರೈಲಿನಲ್ಲಿ ಅವಳೇ ಫೋನ್ ತೆಗೆದು ಒಂದು ವಿಡಿಯೋ ತೋರಿಸಿದಳು. 1958ರ ಟಿವಿ ಕಾರ್ಯಕ್ರಮ, ಗ್ರೌಚೋ ಮಾರ್ಕ್ಸ್ ನಡೆಸಿಕೊಡುತ್ತಿದ್ದ ಕ್ವಿಜ್. ಬೆಂಟ್ಲಿ ಬಂದಿದ್ದಾಳೆ, ಹೆಂಗಸಿನ ಬಟ್ಟೆಯಲ್ಲಿ. ಇದಾಗಿ ಎರಡು ವರ್ಷಕ್ಕೆ, 1960ರ ಜನವರಿಯಲ್ಲಿ, ಐವತ್ತೆರಡರ ವಯಸ್ಸಿಗೆ ನ್ಯುಮೋನಿಯಾದಿಂದ ಸತ್ತಳು. ಟಿವಿಯಲ್ಲಿ ಮೊದಲು ಸಭ್ಯವಾಗಿ ಮಾತಾಡುತ್ತಾಳೆ, ಯಾರದೋ ಮನೆಗೆ ನೆಂಟಳಾಗಿ ಹೋದ ಹಾಗೆ. ಆಮೇಲೆ ಪಿಯಾನೋ ಮುಂದೆ ಕೂರುತ್ತಾಳೆ.

"ಈ ಕೈ ನೋಡಮ್ಮ" ಅಂದಳು ಮಗಳು. ಇಬ್ಬರೂ ಎರಡು ಸಲ ನೋಡಿದೆವು. ಮೂರನೇ ಸಲ ಹಾಕುವಷ್ಟರಲ್ಲಿ ಅಳಿಯನ ಫೋನ್ ಬಂತು, ಮಗು ಎದ್ದು ಅಳುತ್ತಿದೆ, ಬಾಟಲಿ ಎಲ್ಲಿಟ್ಟಿದ್ದೀರಿ ಅಂತ.