ಹಲ್ಲು ಕ್ಲೀನ್ ಮಾಡೋಕೂ ಡಿಗ್ರಿ ಬೇಕೇನವ್ವ?

ಹೋದ ತಿಂಗಳು ಹಾಸನದಲ್ಲಿ ನಮ್ ನೆಂಟರ ಮನೆ ಬೀಗರೂಟ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು ಎಲ್ಲ ಆಗಿ ಕೈ ತೊಳ್ಕೊಂಡು ಶಾಮಿಯಾನದ ಕೆಳಗೆ ಕೂತಿದ್ವಿ. ನಮ್ ಮಾವ ಒಬ್ರು ಅತ್ತೆ ಬಳೆಗೆ ಸಿಕ್ಕಿಸ್ಕೊಂಡಿದ್ದ ಪಿನ್ನು ಈಸ್ಕೊಂಡು, ದವಡೆ ಹಲ್ಲಿನ ಸಂದೀಲಿ ಸಿಕ್ಕಾಕ್ಕೊಂಡಿದ್ದ ಮಟನ್ ನಾರು ಕೀಳ್ತಾ ಕೀಳ್ತಾ ನನ್ ಕಡೆ ತಿರುಗಿ ಕೇಳಿದ್ರು. "ಅಲ್ಲ ಕಣವ್ವ, ನಿನ್ ತಂಗಿ ಕೆನಡಾಗೆ ಹೋಗಿ ಓದ್ತಿರೋದು ಹಲ್ಲು ಕ್ಲೀನ್ ಮಾಡೋದಂತಲ್ಲ, ಅದಕ್ಕೂ ನಾಕು ವರ್ಷ ಡಿಗ್ರಿ ಬೇಕೇನವ್ವ?"

ಸುತ್ತ ಕೂತಿದ್ದೋರೆಲ್ಲ ನಕ್ರು. ತಂಗಿ ಅಂದ್ರೆ ನಮ್ ಚಿಕ್ಕಪ್ಪನ ಮಗಳು, ಮನೇಲಿ ಪುಟ್ಟಿ ಅಂತೀವಿ. ಚಿಕ್ಕಪ್ಪ ಅಲ್ಲೇ ಇದ್ರು, ತಲೆ ತಗ್ಗಿಸ್ಕೊಂಡು ಎಲೆಗೆ ಸುಣ್ಣ ಹಚ್ತಾ ಇದ್ರು, ಏನೂ ಮಾತಾಡ್ಲಿಲ್ಲ. ಸಕಲೇಶಪುರದ ಹತ್ರ ನಾಕು ಎಕರೆ ಕಾಫಿ ತೋಟ ಇದೆ ಅವ್ರಿಗೆ, ಕಾಫಿಗೆ ಎರಡು ವರ್ಷ ಒಳ್ಳೆ ರೇಟು ಬಂತು ಅನ್ನೋ ಧೈರ್ಯದ ಮೇಲೆ ತೋಟದ ಪತ್ರ ಬ್ಯಾಂಕಲ್ಲಿಟ್ಟು ಮಗಳನ್ನ ಕಳ್ಸಿದಾರೆ. ಉತ್ತರ ಹೇಳ್ಬೇಕಾಗಿದ್ದು ನಾನು. ನಾನೇನು ಮಾಡ್ದೆ ಗೊತ್ತಾ, ಎಲ್ಲರ ಜೊತೆ ಸೇರ್ಕೊಂಡು ನಾನೂ ನಕ್ಕೆ. ಅದು ಅವತ್ತಿಂದ ಕೊರೀತಾ ಇದೆ, ಅದಕ್ಕೇ ಇಷ್ಟುದ್ದ ಬರೀತಿರೋದು, ಟೈಮಿದ್ದೋರು ಓದಿ.

ಗೊತ್ತಿಲ್ದೋರಿಗೆ ಹೇಳ್ಬಿಡ್ತೀನಿ. ನಾನು ಡೆಂಟಲ್ ಹೈಜೀನಿಸ್ಟ್. ಪಿಯುಸಿ ಸೈನ್ಸ್ ಆದ್ಮೇಲೆ ಎರಡು ವರ್ಷದ ಡಿಪ್ಲೊಮಾ ಮಾಡ್ಕೊಂಡು ಹಾಸನದಲ್ಲೇ ಕೆಲಸ ಮಾಡ್ತಾ ಆರು ವರ್ಷ ಆಯ್ತು. ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಎಷ್ಟೋ ಜನಕ್ಕೆ ಹೀಗೊಂದು ಕೋರ್ಸ್ ಇದೆ ಅನ್ನೋದೇ ಗೊತ್ತಿಲ್ಲ. ಆದ್ರೆ 1948ರ ಡೆಂಟಿಸ್ಟ್ಸ್ ಆಕ್ಟಲ್ಲೇ ನಮ್ ಹೆಸರಿದೆ, ನಮಗೆ ಅಂತ ಬೇರೆ ರಿಜಿಸ್ಟರ್ ಇಡ್ಬೇಕು ಅಂತಾನೂ ಇದೆ. ಅದರಲ್ಲಿ ಹೈಜೀನಿಸ್ಟ್ ಅಂದ್ರೆ ಯಾರು ಅಂತ ಒಂದೇ ವಾಕ್ಯದಲ್ಲಿ ಹೇಳಿದಾರೆ. ಡೆಂಟಿಸ್ಟೂ ಅಲ್ಲದ ಡಾಕ್ಟರೂ ಅಲ್ಲದ, ಹಲ್ಲಿಗೆ ಕಟ್ಟಿರೋದನ್ನ ಕೆರೆದು ತೆಗೆಯೋ, ಕ್ಲೀನ್ ಮಾಡೋ, ಪಾಲಿಶ್ ಮಾಡೋ ವ್ಯಕ್ತಿ, ಇಲ್ಲಾ ಹಲ್ಲಿನ ಶುಚಿ ಬಗ್ಗೆ ಹೇಳಿಕೊಡೋ ವ್ಯಕ್ತಿ.

ಕೆರೆಯೋದು ಒಂದು, ಹೇಳಿಕೊಡೋದು ಇನ್ನೊಂದು. ನನ್ ತಕರಾರೆಲ್ಲ ಈ ಎರಡನೇದರ ಮೇಲೇ ಇರೋದು.

ಕೆರೆಯೋದು ಸುಲಭ ಅಂತ ಅಲ್ಲ, ಮೊದ್ಲು ಅದನ್ನೇ ಹೇಳ್ತೀನಿ. ನಾವು ಶುರು ಮಾಡಿದ್ದು ಪ್ಲಾಸ್ಟಿಕ್ ಹಲ್ಲಿನ ಮೇಲೆ. ನೈಲ್ ಪಾಲಿಶ್ ಹಚ್ಚಿ ಒಣಗಿಸಿರ್ತಾರೆ, ಅದೇ ಹಲ್ಲಿಗೆ ಕಟ್ಟೋ ಕಲ್ಲು ಅಂದ್ಕೊಂಡು ಹಲ್ಲಿಗೆ ಗೀರು ಬೀಳ್ದೇ ಇರೋ ಹಾಗೆ ಅಷ್ಟನ್ನೇ ಎತ್ಬೇಕು. ಇನ್‌ಸ್ಟ್ರುಮೆಂಟನ್ನ ಪೆನ್ನು ಹಿಡಿದಂಗೇ ಹಿಡ್ಕೊಂಡು, ಉಂಗುರದ ಬೆರಳನ್ನ ಪಕ್ಕದ ಹಲ್ಲಿನ ಮೇಲೆ ಊರ್ಬೇಕು, ಆ ಬೆರಳು ಜಾರ್ತು ಅಂದ್ರೆ ಒಸಡಿಗೆ ಚುಚ್ತು ಅಂತಾನೇ ಲೆಕ್ಕ. ಆಮೇಲೆ ಒಸಡಿನ ಆಳ ಅಳೆಯೋದು. ತುದೀಲಿ ಅರ್ಧ ಮಿಲಿಮೀಟರ್ ಗುಂಡು ಇರೋ ಸಣ್ಣ ಕಡ್ಡಿ, ಅದನ್ನ ಹಲ್ಲು ಒಸಡಿನ ಸಂದೀಲಿ ಇಳಿಸಿ ಎಷ್ಟು ಒಳಕ್ಕೆ ಹೋಗುತ್ತೆ ಅಂತ ನೋಡ್ಬೇಕು. ಮೂರು ಮಿಲಿಮೀಟರ್ ತನಕ ಸರಿ, ಅದು ದಾಟ್ತಾ ಹೋದಂಗೆ ಒಳಗೆ ಏನೋ ನಡೀತಿದೆ ಅಂತ ಅರ್ಥ. ಒಂದ್ ಹಲ್ಲಿಗೆ ಆರು ಕಡೆ ಅಳತೆ. ಬಾಯಲ್ಲಿ ಮೂವತ್ತೆರಡೂ ಇದ್ರೆ 192 ನಂಬರ್. ನಾನು ಕೂಗ್ತಾ ಹೋಗ್ಬೇಕು, ಪಕ್ಕದಲ್ಲಿ ಇನ್ನೊಬ್ರು ಬರ್ಕೋತಾ ಹೋಗ್ಬೇಕು, ಮಧ್ಯ ಪೇಷಂಟಿಗೆ ಉಗುಳೋಕೆ ಬಿಡ್ಬೇಕು. ಮೊದಲನೇ ಸಲ ಮುಗಿಸೋ ಹೊತ್ತಿಗೆ ನನ್ ಕತ್ತು ಸೆಟ್ಕೊಂಡಿತ್ತು.

ಮತ್ತೆ ಕಲ್ಲು ಎಲ್ಲ ಕಡೆ ಒಂದೇ ಸಮ ಕಟ್ಟಲ್ಲ. ಕೆಳಗಡೆ ಮುಂದಿನ ಹಲ್ಲಿನ ಒಳಭಾಗ, ಮೇಲಿನ ದವಡೆ ಹಲ್ಲಿನ ಕೆನ್ನೆ ಕಡೆ, ಈ ಎರಡು ಜಾಗದಲ್ಲಿ ಜಾಸ್ತಿ, ಯಾಕಂದ್ರೆ ಎಂಜಲು ಸುರಿಯೋ ನಾಳ ಅಲ್ಲೇ ತೆರ್ಕೊಳ್ಳೋದು. ಪಾಚಿ ಮೊದ್ಲು ಮೆತ್ತಗೆ ಬೆಣ್ಣೆ ಥರ ಇರುತ್ತೆ, ಎಂಜಲಲ್ಲಿರೋ ಕ್ಯಾಲ್ಸಿಯಂ ಎಲ್ಲ ಸೇರಿ ಗಟ್ಟಿಯಾಗಿ ಕಲ್ಲಾಗುತ್ತೆ. ಕನ್ನಡಿ ಮುಂದೆ ನಿಂತು ಈಈ ಅಂದ್ರೆ ಕಾಣೋ ಜಾಗ ಅಲ್ಲ ಅವೆರಡೂ. ನಾಲಿಗೆ ತುದಿ ಕೆಳಗಿನ ಹಲ್ಲಿನ ಹಿಂದೆ ಆಡಿಸಿ ನೋಡಿ ಬೇಕಿದ್ರೆ ಈಗ್ಲೇ, ಕಾಯ್ತೀನಿ.

ಇಷ್ಟನ್ನ ಎರಡು ವರ್ಷದಲ್ಲಿ ಕಲ್ಸಿದ್ರು, ಚೆನ್ನಾಗೇ ಕಲ್ಸಿದ್ರು. ನನ್ ಕೈ ಬಗ್ಗೆ ನನಗೆ ನಂಬಿಕೆ ಇದೆ.

ಆದ್ರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅರಸೀಕೆರೆ ಕಡೆಯಿಂದ ಒಬ್ರು ತಂದೆ ಮಗಳನ್ನ ಕರ್ಕೊಂಡು ಬಂದ್ರು. ಹುಡುಗಿಗೆ ಹನ್ನೆರಡೋ ಹದಿಮೂರೋ. ಮುಂದಿನ ಹಲ್ಲಿನ ಮೇಲೆ ಕಂದು ಪಟ್ಟೆ, ಸೀಮೆಸುಣ್ಣದ ಥರ ಬಿಳಿ ಮಚ್ಚೆ. "ಸ್ಕೂಲಲ್ಲಿ ಆಡ್ಕೋತಾರೆ ಮೇಡಂ, ಬಾಯ್ಮುಚ್ಕೊಂಡೇ ನಗ್ತಾಳೆ, ಉಜ್ಜಲ್ಲ ಸರ್ಯಾಗಿ, ಒಸಿ ಕ್ಲೀನ್ ಮಾಡ್ಕೊಡಿ" ಅಂದ್ರು. ಅವತ್ತು ಡಾಕ್ಟರ್ ಬರೋದು ಲೇಟಿತ್ತು. ನಾನು ಶುರು ಹಚ್ಕೊಂಡೆ. ಪಾಲಿಶ್ ಪೇಸ್ಟ್ ಹಾಕ್ದೆ, ಹೋಗ್ಲಿಲ್ಲ. ಇನ್ನೊಂದ್ಸಲ ಹಾಕ್ದೆ. ಒಸಡಲ್ಲಿ ರಕ್ತ ಬಂತು, ಹುಡುಗಿ ಕಣ್ಣಲ್ಲಿ ನೀರು ಬಂತು, ಕಲೆ ಮಾತ್ರ ಹಂಗೇ ಇತ್ತು. ನಾನೂ ಏನಂದೆ ಗೊತ್ತಾ, "ದಿನಾ ಎರಡು ಸಲ ಉಜ್ಜಮ್ಮ, ಹಿಂಗೆ ಬಿಟ್ಕೊಂಡ್ರೆ ಹೆಂಗೆ" ಅಂತ.

ಅದು ಕೊಳೆ ಅಲ್ಲ. ಫ್ಲೋರೋಸಿಸ್. ಸಣ್ಣೋರಾಗಿದ್ದಾಗ, ಹಲ್ಲು ಇನ್ನೂ ದವಡೆ ಒಳಗೆ ತಯಾರಾಗ್ತಿರೋ ವಯಸ್ಸಲ್ಲಿ ಫ್ಲೋರೈಡ್ ಜಾಸ್ತಿ ಇರೋ ಬೋರ್‌ವೆಲ್ ನೀರು ಕುಡಿದ್ರೆ ಎನಾಮಲ್ ಆಗುವಾಗ್ಲೇ ಕೆಟ್ಟಿರುತ್ತೆ, ಕಲೆ ಒಳಗಿಂದಾನೇ ಬಂದಿರೋದು, ಮೇಲೆ ಉಜ್ಜಿದ್ರೆ ಎಲ್ಲಿಂದ ಹೋಗುತ್ತೆ. ಕುಡಿಯೋ ನೀರಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರ್ದು ಅಂತ ಲೆಕ್ಕ, ನಮ್ ಅರಸೀಕೆರೆ ಕಡೆ, ಅತ್ತ ಕಡೂರು ಕಡೆ ಎಷ್ಟೋ ಹಳ್ಳಿ ಬೋರ್‌ವೆಲ್‌ಗಳಲ್ಲಿ ಅದು ಜಾಸ್ತಿನೇ. ಹೆಸರು ನಾನು ಓದಿದ್ದೆ, ಪರೀಕ್ಷೇಲಿ ಬರ್ದು ಮಾರ್ಕ್ಸೂ ತಗೊಂಡಿದ್ದೆ. ನಮ್ ಜಿಲ್ಲೆಯ ಹುಡುಗಿ ಬಾಯಲ್ಲಿ ಅದು ಎದುರಿಗೆ ಬಂದಾಗ ಗುರುತು ಸಿಗ್ಲಿಲ್ಲ. ಡಾಕ್ಟರ್ ಬಂದು ನೋಡಿ ಹೇಳಿದ್ಮೇಲೆ ನಾಚಿಕೆ ಆಯ್ತು. ಆ ಹುಡುಗೀಗೆ ಹೇಳ್ಬೇಕಾಗಿದ್ದ ಮಾತು "ನಿನ್ ತಪ್ಪೇನಿಲ್ಲಮ್ಮ" ಅಂತ. ಅಪ್ಪನಿಗೆ ಹೇಳ್ಬೇಕಾಗಿದ್ದು "ಮನೇಲಿ ಚಿಕ್ಕ ಮಗು ಇದ್ಯಾ, ನೀರು ಎಲ್ಲಿಂದ ತರ್ತೀರಿ" ಅಂತ. ಎರಡೂ ಹೇಳ್ದೇನೇ ಕಳ್ಸಿದ್ದೆ. ಪುಟ್ಟಿಗೆ ಈ ಕಥೆ ಹೇಳಿದಾಗ ಅವಳು ಅಂದ್ಲು, ಅಲ್ಲಿ ಕೆಲವು ಊರುಗಳಲ್ಲಿ ಹುಳುಕು ತಡೆಯೋಕೆ ಅಂತ ನಲ್ಲಿ ನೀರಿಗೆ ಲೀಟರಿಗೆ 0.7 ಮಿಲಿಗ್ರಾಂನಷ್ಟು ಫ್ಲೋರೈಡ್ ಅವರೇ ಸೇರಿಸ್ತಾರಂತೆ. ಅಲ್ಲಿ ಅಳೆದು ಹಾಕ್ತಾರೆ, ಇಲ್ಲಿ ಭೂಮಿತಾಯಿ ಅಳತೆ ಇಲ್ದೆ ಹಾಕ್ಬಿಡ್ತಾಳೆ.

ಅವಳ ಡಿಗ್ರೀಲಿ ಅರ್ಧಕ್ಕರ್ಧ ಇಂಥದ್ದೇ ಅಂತೆ. ಒಂದೂರಿನ ಜನ ಏನ್ ಕುಡೀತಾರೆ, ಏನ್ ಜಗೀತಾರೆ, ಸಂಬಳ ಎಷ್ಟು, ಯಾಕೆ ಡಾಕ್ಟರ್ ಹತ್ರ ಬರಲ್ಲ. ಬೈಯ್ದೆ ಮಾತಾಡಿಸೋದು ಹೆಂಗೆ ಅನ್ನೋದನ್ನೇ ಒಂದು ಪಾಠ ಮಾಡಿ ಕಲಿಸ್ತಾರೆ. ಶುಗರ್ ಇರೋರಿಗೆ ಒಸಡು ಯಾಕೆ ಬೇಗ ಕೆಡುತ್ತೆ, ಒಸಡು ಕೆಟ್ರೆ ಶುಗರ್ ಯಾಕೆ ಹತೋಟಿಗೆ ಬರಲ್ಲ, ಎರಡೂ ಒಂದನ್ನೊಂದು ಹಿಡ್ಕೊಂಡು ಹೆಂಗೆ ಎಳೀತವೆ ಅಂತ. ಕೆನಡಾದ ಕೆಲವು ಪ್ರಾಂತ್ಯಗಳಲ್ಲಿ ಹೈಜೀನಿಸ್ಟೇ ಮರಗಟ್ಟೋ ಇಂಜೆಕ್ಷನ್ ಕೊಡ್ಬಹುದು. ಒಂಟಾರಿಯೊದಲ್ಲಿ 2007ರಿಂದ ಅವರೇ ಸ್ವಂತ ಕ್ಲಿನಿಕ್ ಇಟ್ಕೊಂಡು ಕ್ಲೀನಿಂಗ್ ಮಾಡ್ಬಹುದು. ಇದನ್ನ ಕೇಳಿದ ದಿನ ನನಗೆ ಹೊಟ್ಟೆಕಿಚ್ಚು ಆಗಿದ್ದು ನಿಜ, ಸುಳ್ಳು ಯಾಕೆ ಹೇಳ್ಲಿ.

ಈ ಕೆಲಸ ಹುಟ್ಟಿದ ಕಥೇನೂ ಅವಳೇ ಹೇಳಿದ್ದು. ಅಮೆರಿಕದ ಬ್ರಿಡ್ಜ್‌ಪೋರ್ಟಲ್ಲಿ ಆಲ್ಫ್ರೆಡ್ ಫೋನ್ಸ್ ಅನ್ನೋ ಹಲ್ಲಿನ ಡಾಕ್ಟರ್ 1906ರಲ್ಲಿ ತನ್ನ ಕ್ಲಿನಿಕ್ಕಲ್ಲಿದ್ದ ಐರೀನ್ ನ್ಯೂಮನ್‌ಗೆ ಹಲ್ಲು ಕ್ಲೀನ್ ಮಾಡೋದು ಕಲಿಸಿದ್ರಂತೆ, ಆಕೆ ಅವರ ಸಂಬಂಧಿ ಬೇರೆ. 1913ರಲ್ಲಿ ಸ್ಕೂಲ್ ಶುರು ಮಾಡಿದ್ರು. ಅಲ್ಲಿ ಕಲಿತೋರು ಆ ಊರಿನ ಸರ್ಕಾರಿ ಸ್ಕೂಲಿಗೆ ಹೋಗಿ ಮಕ್ಕಳ ಹಲ್ಲು ನೋಡಿದ್ರು, ಉಜ್ಜೋದು ಹೇಳ್ಕೊಟ್ರು. ಅಂದ್ರೆ ಮೊದಲಿಂದಾನೂ ಇದು ಕುರ್ಚಿ ಪಕ್ಕ ನಿಲ್ಲೋ ಕೆಲಸ ಅಷ್ಟೇ ಅಲ್ಲ, ಊರೊಳಗೆ ಹೋಗೋ ಕೆಲಸ.

ನಮ್ಮಲ್ಲಿ? ನಾನು ಮೊದ್ಲು ಸೇರಿದ್ದ ಒಂದು ಕ್ಲಿನಿಕ್ಕಲ್ಲಿ ಬೆಳಗ್ಗೆ ಕಸ ಗುಡ್ಸು, ಅಪಾಯಿಂಟ್‌ಮೆಂಟ್ ಬರಿ, ಬಿಲ್ ಹರಿ, ಮಧ್ಯ ಟೈಮ್ ಸಿಕ್ರೆ ಕ್ಲೀನಿಂಗ್ ಮಾಡು. ಕಸ ಗುಡಿಸೋದು ಕೀಳು ಅಂತಲ್ಲ, ಆದ್ರೆ ಅದಕ್ಕೆ ಎರಡು ವರ್ಷ ಓದ್ಬೇಕಾಗಿರ್ಲಿಲ್ಲ. ಪೇಷಂಟ್ ಜೊತೆ ಐದು ನಿಮಿಷ ಮಾತಾಡಿದ್ರೆ "ಏನಮ್ಮ ಹರಟೆ, ನೆಕ್ಸ್ಟ್ ಕರಿ" ಅನ್ನೋರು. ಆ ಐದು ನಿಮಿಷಾನೇ ನನ್ ಕೆಲಸ ಸ್ವಾಮಿ.

ಆ ಮಾತು ಇಲ್ದಿದ್ರೆ ಏನಾಗುತ್ತೆ ಅಂದ್ರೆ, ಆಲೂರು ಕಡೆಯ ಒಬ್ರು ಅಜ್ಜಿ ಕುರ್ಚೀಲಿ ಕೂತು ಬಾಯೇ ತೆಗೀಲಿಲ್ಲ. "ಕ್ಲೀನ್ ಮಾಡ್ಸಿದ್ರೆ ಹಲ್ಲೆಲ್ಲ ಸಡ್ಲ ಆಯ್ತವಂತೆ ಕಣ್ ತಾಯಿ, ನಮ್ ಪಕ್ಕದ್ಮನೆಯೋಳ್ಗೆ ಹಂಗೇ ಆಯ್ತು." ಇದನ್ನ ನೀವೂ ಕೇಳಿರ್ತೀರಿ. ಬರೀ ಮೂಢನಂಬಿಕೆ ಅಂತ ನಾನು ಅನ್ನಲ್ಲ, ಅವ್ರು ಕಣ್ಣಾರೆ ಕಂಡಿದ್ದೇ ಅದು. ನಾನು ಹೇಳ್ದೆ, "ಅಜ್ಜಿ, ಬೇಲಿ ಗೂಟಕ್ಕೆ ಗೆದ್ದಲು ಹಿಡಿದಿರ್ತದೆ. ಸುತ್ತ ಮಣ್ಣು ಮೆತ್ಕೊಂಡು ಗೂಟ ನೆಟ್ಟಗೇ ನಿಂತಂಗೆ ಕಾಣ್ತದೆ. ನೀವು ಮಣ್ಣು ಕೆರೆದ್ರೆ ಗೂಟ ಅಲ್ಲಾಡ್ತದೆ. ಅಲ್ಲಾಡ್ಸಿದ್ದು ನೀವೋ ಗೆದ್ದಲೋ?" ಅಜ್ಜಿ ಸ್ವಲ್ಪ ಹೊತ್ತು ನನ್ ಮುಖಾನೇ ನೋಡಿದ್ರು, ಆಮೇಲೆ "ಗೆದ್ದಲು ಅಂದ್ರೆ ಗೂಟ ಆಗ್ಲೇ ಹೋಯ್ತು ಅನ್ನು" ಅಂದ್ರು, ಬಾಯಿ ತೆಗೆದ್ರು. ಪೂರ್ತಿ ಹೋಗಿರ್ಲಿಲ್ಲ, ಕೆಲವು ಉಳಿದ್ವು.

ಈಗ ನೀವು ಕೇಳ್ತೀರಿ, ಬಿಡಿಎಸ್ ಮಾಡಿದೋರೇ ಇಷ್ಟೊಂದು ಜನ ಇದಾರೆ, ಇಂಟರ್ನ್‌ಶಿಪ್ ಸೇರಿ ಐದು ವರ್ಷ ಓದಿ ಕಮ್ಮಿ ಸಂಬಳಕ್ಕೆ ಅವರೇ ಕ್ಲೀನಿಂಗ್ ಮಾಡ್ತಿರುವಾಗ ನಿಮಗೆ ಬೇರೆ ಡಿಗ್ರಿ ಯಾಕೆ ಅಂತ. ನ್ಯಾಯವಾದ ಪ್ರಶ್ನೆ. ಅದಕ್ಕೇ ನಾನು ಪುಟ್ಟಿ ಥರ "ನಾಳೇನೇ ಇಲ್ಲಿ ಡಿಗ್ರಿ ಶುರು ಮಾಡ್ಲಿ" ಅನ್ನಲ್ಲ. ಪೋಸ್ಟ್ ಇಲ್ದೆ ಡಿಗ್ರಿ ಶುರು ಮಾಡಿದ್ರೆ ಫೀಸ್ ಕಟ್ಟಿಸ್ಕೊಳ್ಳೋರಿಗೆ ಹಬ್ಬ ಅಷ್ಟೇ. ಮೊದ್ಲು ತಾಲೂಕು ಆಸ್ಪತ್ರೆಗೊಂದು ಹೈಜೀನಿಸ್ಟ್ ಪೋಸ್ಟ್ ಮಾಡ್ಲಿ, ವಾರದಲ್ಲಿ ಎರಡು ದಿನ ಆಸ್ಪತ್ರೆ, ಮಿಕ್ಕಿದ ದಿನ ಸ್ಕೂಲು, ಅಂಗನವಾಡಿ, ಮೂಡಿಗೆರೆ ಸಕಲೇಶಪುರ ಕಡೆ ತೋಟದ ಕೂಲಿಯೋರ ಲೈನ್ ಮನೆಗಳು. ಕಡ್ಡಿಪುಡಿ, ಹೊಗೆಸೊಪ್ಪು ಕೆನ್ನೇಲಿ ಇಟ್ಕೊಂಡೇ ಕೆಲಸಕ್ಕೆ ಹೋಗೋರ ಬಾಯಿ ಯಾರು ನೋಡ್ತಿದಾರೆ ಈಗ? ಆ ಕೆಲಸ ಮಾಡೋಕೆ ಎರಡು ವರ್ಷದ ಓದು ಸಾಲಲ್ಲ ಅಂತ ಆಗ ತಾನಾಗೇ ಗೊತ್ತಾಗುತ್ತೆ, ಆಗ ಡಿಗ್ರಿ ಬರ್ಲಿ, ಡಿಪ್ಲೊಮಾ ಮಾಡಿದೋರಿಗೂ ಮುಂದೆ ಓದೋಕೆ ದಾರಿ ಇರ್ಲಿ. ಸರ್ಕಾರ ದಂತ ಭಾಗ್ಯ ಅಂತ ಬಿಪಿಎಲ್ ಕಾರ್ಡಿನ ಹಿರಿಯರಿಗೆ ಹಲ್ಲಿನ ಸೆಟ್ ಫ್ರೀಯಾಗಿ ಕೊಡೋ ಯೋಜನೆ ಮಾಡ್ತು, ಒಳ್ಳೇದೇ, ಮುದ್ದೆ ಬಿಟ್ಟು ಬೇರೆ ಏನಾದ್ರೂ ತಿಂದ್ರಲ್ಲ ಅಂತ ನನಗೂ ಖುಷಿ. ಆದ್ರೆ ಹಲ್ಲು ಉದುರೋವರೆಗೂ ಸುಮ್ನಿದ್ದು ಆಮೇಲೆ ಸೆಟ್ ಕೊಡೋದಕ್ಕಿಂತ, ಇರೋ ಹಲ್ಲು ಉಳಿಸೋಕೆ ಒಬ್ರಿಗೆ ಸಂಬಳ ಕೊಡೋದು ಅಷ್ಟು ಕಷ್ಟನಾ? 2023ರಲ್ಲಿ ಪಾರ್ಲಿಮೆಂಟಲ್ಲಿ ಹೊಸ ಡೆಂಟಲ್ ಕಮಿಷನ್ ಕಾಯ್ದೆ ಪಾಸಾಯ್ತು, ಅದರಲ್ಲಾದ್ರೂ ನಮ್ ಕಡೆ ಯಾರಾದ್ರೂ ನೋಡ್ತಾರೇನೋ ಅಂತ ಕಾಯ್ತಿದೀನಿ.

ಬೀಗರೂಟ ಆದ ವಾರಕ್ಕೆ ಚಿಕ್ಕಪ್ಪ ಕ್ಲಿನಿಕ್ಕಿಗೆ ಬಂದ್ರು. "ಉಜ್ಜೋವಾಗ ರಕ್ತ ಬರ್ತದೆ, ನೋಡು" ಅಂದ್ರು, ಅಷ್ಟೇ. ಸಂಜೆ ಆರೂವರೆ, ಪುಟ್ಟಿಗೆ ಆಗ ಬೆಳಗಿನ ಜಾವ, ದಿನಾ ಅದೇ ಹೊತ್ತಿಗೆ ಅಪ್ಪನಿಗೆ ಫೋನ್ ಮಾಡ್ತಾಳೆ. ಫೋನ್ ಸ್ಪೀಕರಿಗೆ ಹಾಕಿ ಟ್ರೇ ಪಕ್ಕ ಇಟ್ಟೆ. ಡಾಕ್ಟರ್ ಮೇಡಂ ಬರ್ಕೊಳ್ಳೋಕೆ ಕೂತ್ರು, ನಾನು ಅಳೀತಾ ಕೂಗ್ತಾ ಹೋದೆ. ಎರಡು, ಮೂರು, ಮೂರು. ಮೂರು, ಎರಡು, ನಾಲ್ಕು. ಕೆಳಗಿನ ಬಲಗಡೆ ದವಡೆ ಹಲ್ಲಿಗೆ (ನಮ್ ಲೆಕ್ಕದಲ್ಲಿ ಆ ಹಲ್ಲಿನ ನಂಬರ್ ನಲವತ್ತಾರು) ಬಂದಾಗ ನಾಲ್ಕು, ಐದು, ಆರು.

"ಅಕ್ಕಾ, ಆರು ಯಾವುದು?" ಫೋನಲ್ಲಿ ಪುಟ್ಟಿ.

"ನಲವತ್ತಾರು. ಒಳಗಡೆ."

"ರಕ್ತ?"

"ಬಂತು."

ಚಿಕ್ಕಪ್ಪ ಬಾಯಿ ತೆಕ್ಕೊಂಡೇ ಒಂದ್ಸಲ ನನ್ನ ನೋಡ್ತಾರೆ, ಒಂದ್ಸಲ ಫೋನ್ ಕಡೆ ಕಣ್ಣು ತಿರುಗಿಸ್ತಾರೆ. ಕಡ್ಡಿ ಹೊರಗೆ ತೆಗೆದ ತಕ್ಷಣ ಉಗುಳಿ, "ಏನವ್ವ ಅದು, ನಿಮ್ಮಿಬ್ರದ್ದು ಲೆಕ್ಕ?" ಅಂದ್ರು.

ನಾನು ಹೇಳೋದಕ್ಕೆ ಮುಂಚೆ ಆ ಕಡೆಯಿಂದ ಅವಳೇ ಕೇಳಿದ್ಲು. "ಅಪ್ಪ, ನೀನು ಶುಗರ್ ಚೆಕ್ ಮಾಡಿಸ್ಕೊಂಡು ಎಷ್ಟು ದಿನ ಆಯ್ತು?"