ಇರುವೆ ಬಂದರೆ ಬೆಲ್ಲ, ಬಾರದಿದ್ದರೆ ಆಯಿಲ್

ಶಾಕ್ ಅಬ್ಸಾರ್ಬರಿನ ಆಯಿಲ್ ರುಚಿ ನೋಡಿದವರು ಈ ಭೂಮಿ ಮೇಲೆ ಎಷ್ಟು ಮಂದಿ ಇದ್ದಾರೋ ಗೊತ್ತಿಲ್ಲ. ನಾನೊಬ್ಬ ಇದ್ದೇನೆ. ಸಿಹಿ ಇರುವುದಿಲ್ಲ. ಒಗ್ಗರಣೆ ಸೀದ ಬಾಣಲೆ ನೆಕ್ಕಿದ ಹಾಗಿರುತ್ತದೆ.

ಹೋದ ಮೇ ತಿಂಗಳ ಮಾತು. ಕಳಸದ ಹತ್ತಿರದ ಅತ್ತೆ ಮನೆಯಿಂದ ಬೆಂಗಳೂರಿಗೆ ವಾಪಸು ಹೊರಟಿದ್ದೆವು. ನಾನು, ನನ್ನವಳು, ಮತ್ತೆ ಎರಡು ವರ್ಷದಿಂದ ಇಎಂಐ ಕಟ್ಟಿ ಸಾಕುತ್ತಿರುವ ಅಡ್ವೆಂಚರ್ ಬೈಕು. ಅಡ್ವೆಂಚರ್ ಬೈಕ್ ಅಂದರೆ ಗೊತ್ತಲ್ಲ: ಕಾಲು ನೆಲಕ್ಕೆ ಎಟುಕದಷ್ಟು ಎತ್ತರದ ಸೀಟು, ಎರಡೂ ಪಕ್ಕಕ್ಕೆ ಟ್ರಂಕಿನಂಥ ಅಲ್ಯುಮಿನಿಯಂ ಡಬ್ಬ, ಹಿಂದೊಂದು ಟಾಪ್ ಬಾಕ್ಸು. ಜಾಹೀರಾತಿನಲ್ಲಿ ಇಂಥ ಬೈಕುಗಳು ಲಡಾಖಿನ ಹೊಳೆ ದಾಟುತ್ತವೆ. ನನ್ನದು ದಾಟಿದ್ದು ಸಿಲ್ಕ್ ಬೋರ್ಡ್ ಸಿಗ್ನಲ್ಲು.

ಹೊರಡುವ ಹಿಂದಿನ ಸಂಜೆ ಅತ್ತೆ ಅಂಗಳಕ್ಕೆ ಬಂದು ಪಕ್ಕದ ಡಬ್ಬವನ್ನು ಬೆರಳಲ್ಲಿ ಬಡಿದು ನೋಡಿದರು, ತೆಂಗಿನಕಾಯಿ ಬಡಿದು ನೋಡುವ ಹಾಗೆ.

"ಖಾಲಿ ಉಂಟಲ್ಲ ಅಳಿಯಂದ್ರೆ?"

ಮಲೆನಾಡಿನ ಅತ್ತೆ ಖಾಲಿ ಪಾತ್ರೆ ನೋಡಬಾರದು. ಅರ್ಧ ಗಂಟೆಯಲ್ಲಿ ಇಪ್ಪತ್ತು ಸುಲಿದ ತೆಂಗಿನಕಾಯಿ, ಒಂದು ಡಬ್ಬಿ ಜೋನಿ ಬೆಲ್ಲ, ಎರಡು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ, ಕಾಫಿಪುಡಿ, ಒಂದು ಬಾಳೆಗೊನೆ ಜಗಲಿ ಮೇಲೆ ಸಾಲಾಗಿ ಕೂತವು. ಕೊನೆಗೆ ಒಂದು ಹಲಸಿನಹಣ್ಣು. "ಸಣ್ಣದೇ ಆರಿಸಿದ್ದು" ಅಂದರು. ಅದು ಕಂಕುಳಲ್ಲಿ ಎತ್ತಿಕೊಳ್ಳುವ ಮಗುವಿನಷ್ಟಿತ್ತು. ಬೇಡ ಅನ್ನುವ ಧೈರ್ಯ ನನಗೂ ಇರಲಿಲ್ಲ, ನನ್ನವಳಿಗಂತೂ ಬೇಡ ಅನ್ನುವ ಆಸೆಯೇ ಇರಲಿಲ್ಲ.

ಭಾರ ಜಾಸ್ತಿಯಾದಾಗ ಹಿಂದಿನ ಶಾಕ್ಸ್ ಟೈಟ್ ಮಾಡಬೇಕು ಅನ್ನುವಷ್ಟು ಜ್ಞಾನ ನನಗಿತ್ತು. ಟೂಲ್ ಕಿಟ್ಟಿನಲ್ಲಿ ಕುಡುಗೋಲಿನ ಹಾಗೆ ಬಾಗಿದ ಒಂದು ಸ್ಪ್ಯಾನರ್ ಇರುತ್ತದೆ. ಎರಡು ವರ್ಷವಾದರೂ ಅದರ ಪ್ಲಾಸ್ಟಿಕ್ ಕವರು ಹರಿದಿರಲಿಲ್ಲ. ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಒಂದು ಬಳೆ. ಸ್ಪ್ಯಾನರ್ ಸಿಕ್ಕಿಸಿ ಆ ಬಳೆ ತಿರುಗಿಸಿದರೆ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಅದುಮಿಟ್ಟ ಬಿಗಿ, ಏರುತ್ತದೆ. ಭಾವಮೈದ ಟಾರ್ಚ್ ಹಿಡಿದ, ನಾನು ಮಣ್ಣಿನಲ್ಲಿ ಮಂಡಿಯೂರಿ ತಿರುಗಿಸಿದೆ. ಕಟ್, ಕಟ್ ಅಂತ ಎರಡು ಮೆಟ್ಟಿಲು ಎಷ್ಟು ಸಲೀಸಾಗಿ ತಿರುಗಿತು ಅಂದರೆ ನನ್ನ ರಟ್ಟೆಯ ಬಗ್ಗೆ ನನಗೇ ಹೆಮ್ಮೆಯಾಯಿತು. "ಭಾವ, ಇಷ್ಟು ಹಗುರ ತಿರುಗ್ಲಿಕ್ಕುಂಟಾ ಅದು?" ಅಂತ ಹುಡುಗ ಕೇಳಿದ. ಪಿಯುಸಿಯಲ್ಲಿ ಫಿಸಿಕ್ಸ್ ಓದುವವರಿಗೆ ಎಲ್ಲದರಲ್ಲೂ ಅನುಮಾನ.

ಬೆಳಗ್ಗೆ ಐದಕ್ಕೆ ಹೊರಟೆವು. ಹೆಡ್‌ಲೈಟು ರಸ್ತೆ ಬಿಟ್ಟು ಆಕಾಶ ನೋಡುತ್ತಿತ್ತು. ಹಿಂಭಾಗ ಕುಸಿದರೆ ಮುಂಭಾಗ ಮೂಗು ಎತ್ತುತ್ತದೆ. ಮುಂದೆ ಗುಂಡಿ ಇದೆಯೋ ಇಲ್ಲವೋ ಕಾಣದು, ಯಾರ ತೋಟದ ಮರದಲ್ಲಿ ಎಷ್ಟು ಅಡಿಕೆ ಕಚ್ಚಿದೆ ಅನ್ನುವುದು ಮಾತ್ರ ಸ್ಪಷ್ಟ. ಹ್ಯಾಂಡಲ್ಲು ಎಷ್ಟು ಹಗುರ ಅಂದರೆ ತಿರುವಿನಲ್ಲಿ ಬೈಕು ನನ್ನ ಮಾತು ಕೇಳುವ ಮೊದಲು ಹಲಸಿನಹಣ್ಣಿನ ಅಭಿಪ್ರಾಯ ಕೇಳುತ್ತಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಭಾರಕ್ಕೆ ಇನ್ನಷ್ಟು ಭಾರ ಸೇರಿಸಿದೆವು.

ಮೂಡಿಗೆರೆ ದಾಟಿ ಬೇಲೂರಿನ ಕಡೆ ಹೋಗುವಾಗ ಹಂಪ್ ಬಂತು. ರಸ್ತೆ ಉಬ್ಬಿಗೂ ಒಂದು ಶಾಸ್ತ್ರವಿದೆ. ರಸ್ತೆಗಳ ಅಳತೆ ನಿಯಮ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಲೆಕ್ಕದಲ್ಲಿ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಹತ್ತಿದ್ದು ಇಳಿದದ್ದು ಗೊತ್ತಾಗದ ಹಾಗೆ ಹಾಸಿಕೊಂಡಿರಬೇಕು. ಇದು ಆ ಜಾತಿಯದಲ್ಲ. ಯಾರೋ ಮನೆ ಕಟ್ಟಿ ಉಳಿದ ಕಾಂಕ್ರೀಟನ್ನು ರಸ್ತೆಗೆ ಅಡ್ಡ ಸುರಿದು ಕೈ ತೊಳೆದುಕೊಂಡಂತಿತ್ತು. ನಾನು ನಲವತ್ತರಲ್ಲಿದ್ದೆ. ವೇಗ ಅರ್ಧ ಇದ್ದಿದ್ದರೆ ಏಟಿನ ಶಕ್ತಿ ಕಾಲು ಭಾಗ ಆಗುತ್ತಿತ್ತು ಎಂದು ಆಮೇಲೆ ಅದೇ ಪಿಯುಸಿ ಹುಡುಗ ಫೋನಿನಲ್ಲಿ ವಿವರಿಸಿದ.

ಧಡ್! ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ನನ್ನವಳ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ಡಿಚ್ಚಿ ಕೊಟ್ಟಿತು. ಅಲ್ಲಿಂದಾಚೆ ಬೈಕು ಬೈಕಾಗಿ ಉಳಿಯಲಿಲ್ಲ, ತೂಗುಮಂಚವಾಯಿತು. ಒಂದು ಗುಂಡಿಗೆ ಇಳಿದರೆ ಐದು ಸಲ ಕುಣಿಯುವುದು.

"ರೀ, ಹಿಂದೆ ಏನೋ ಸೋರ್ತಿದೆ."

ಇಳಿದು ನೋಡಿದೆ. ಹಿಂದಿನ ಚಕ್ರದ ಮುಂದೆ, ಶಾಕ್ಸಿನ ಕಂಬಿಯ ಮೇಲೆ ಕಂದು ಬಣ್ಣದ ದ್ರವ ಜಿನುಗಿ ಧೂಳಿನಲ್ಲಿ ಗೆರೆ ಬಿಟ್ಟಿತ್ತು. ಪಕ್ಕದ ಡಬ್ಬದ ಮೂಲೆಯಿಂದಲೂ ಕಂದು ಬಣ್ಣದ್ದೇ ಏನೋ ತೊಟ್ಟಿಕ್ಕುತ್ತಿತ್ತು. ಜೋನಿ ಬೆಲ್ಲದ ಮುಚ್ಚಳ ಹೋಗಿದೆ ಅಂತ ತೀರ್ಮಾನಿಸಿ, ಖಾತ್ರಿಗಾಗಿ ಬೆರಳದ್ದಿ ನಾಲಿಗೆಗಿಟ್ಟೆ. ಮುಂದಿನದು ಮೊದಲ ಸಾಲಿನಲ್ಲೇ ಹೇಳಿದ್ದೇನೆ.

ಹಾಗೂ ಹೀಗೂ ಬೇಲೂರು ತಲುಪಿ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿ, ಮೇಸ್ತ್ರಿ ಬರುವವರೆಗೆ ಕಾಫಿ ಕುಡಿದೆವು. ಬಂದವನು ಬೈಕನ್ನು ಮುಟ್ಟಲೇ ಇಲ್ಲ. ಸೊಂಟಕ್ಕೆ ಕೈ ಕೊಟ್ಟು ನೆಲ ನೋಡಿದ. ಡಬ್ಬದ ಕೆಳಗಿನ ಹನಿಗೆ ಆಗಲೇ ಕಟ್ಟಿರುವೆ ಸಾಲು ಹಚ್ಚಿತ್ತು. ಚಕ್ರದ ಪಕ್ಕದ ಹನಿಯ ಹತ್ತಿರ ಒಂದು ಇರುವೆ ಬಂದು, ಮೀಸೆ ಆಡಿಸಿ, ಸುತ್ತು ಹಾಕಿ ಹೋಯಿತು.

"ಅದು ಬೆಲ್ಲ ಸಾರ್. ಇದು ಆಯಿಲ್. ಇರುವೆಗೆ ಗೊತ್ತಾಗತ್ತೆ."

ನಾನು ರುಚಿ ನೋಡಿದ ವಿಷಯ ಹೇಳಲಿಲ್ಲ. ನನ್ನವಳು ಹೇಳಿದಳು.

ಆಮೇಲೆ ಅವನು ಸ್ಪ್ರಿಂಗಿನ ಬುಡದ ಬಳೆ ನೋಡಿ ಕೇಳಿದ, "ಇದನ್ನ ಯಾರು ಸಾರ್ ಪೂರ್ತಿ ಲೂಸ್ ಮಾಡಿದ್ದು?" ಅಷ್ಟು ಸಲೀಸಾಗಿ ತಿರುಗಿದ್ದರ ಗುಟ್ಟು ಅದು. ಮೆಟ್ಟಿಲು ಹತ್ತಿಸುವಾಗ ಉಸಿರು ಬರುತ್ತದೆ, ಇಳಿಸುವಾಗ ಬರುವುದಿಲ್ಲ. ನಾನು ಎರಡು ಮೆಟ್ಟಿಲು ಇಳಿಸಿದ್ದೆ.

"ಸರಿಯಾಗಿ ಟೈಟ್ ಮಾಡಿದ್ದಿದ್ರೆ ತಡೀತಿತ್ತಲ್ವಾ?" ಅಂದೆ, ಅಪರಾಧದ ಗಾತ್ರ ತಿಳಿಯಲು.

ಅವನು ಕಟ್ಟಿದ್ದ ಪಂಚೆ ತೋರಿಸಿದ. "ಪಂಚೆ ಮೇಲೆತ್ತಿ ಕಟ್ಟಿದ್ರೆ ನೀರಲ್ಲಿ ನಡೆಯೋಕೆ ಅನುಕೂಲ ಸಾರ್. ಹಂಗಂತ ಬಟ್ಟೆ ದಪ್ಪ ಆಗತ್ತಾ?" ಪ್ರೀಲೋಡನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಇಂಜಿನಿಯರನ್ನು ನಾನು ಕಂಡಿಲ್ಲ. ಬಳೆ ಬಿಗಿದರೆ ಹಿಂಭಾಗ ಎತ್ತರವಾಗುತ್ತದೆ, ಕುಗ್ಗಲು ಜಾಗ ಉಳಿಯುತ್ತದೆ. ಸ್ಪ್ರಿಂಗಿನ ಗಟ್ಟಿತನ ಅಷ್ಟೇ ಇರುತ್ತದೆ. ಪೂರ್ತಿ ಬಿಗಿದ ಮೇಲೂ ಕುಸಿಯುತ್ತಿದ್ದರೆ ಒಂದೋ ಭಾರ ಇಳಿಸಬೇಕು, ಇಲ್ಲವೋ ಗಟ್ಟಿ ಸ್ಪ್ರಿಂಗೇ ಹಾಕಿಸಬೇಕು.

ಏಟು ತಿನ್ನುವುದು ಸ್ಪ್ರಿಂಗು, ಕುಣಿತ ನಿಲ್ಲಿಸುವುದು ಒಳಗಿನ ಆಯಿಲ್. ಸಣ್ಣ ತೂತುಗಳಲ್ಲಿ ನುಸುಳಿ ನುಸುಳಿ ಅದು ಬಿಸಿಯಾಗುತ್ತದೆ. ಭಾರ ಹೊತ್ತು ಹಾಳು ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಕಾದು ತೆಳ್ಳಗಾಗಿ ಹಿಡಿತ ಬಿಡುತ್ತದೆ. ನಡುವೆ ನಿಲ್ಲಿಸಿ ಕಾಫಿ ಕುಡಿಯುವುದು ಬೈಕಿನ ಆರೋಗ್ಯಕ್ಕೂ ಒಳ್ಳೆಯದು ಎಂಬ ಈ ಒಂದು ಪಾಠವನ್ನು ನಾನು ಆಗಲೇ ಪಾಲಿಸುತ್ತಿದ್ದೆ. ಪಾಲಿಸದೇ ಇದ್ದದ್ದು ಕಂಬಿಯ ಕೆಸರು ಒರೆಸುವುದನ್ನು. ಒಣಗಿದ ಕೆಸರು ಉಪ್ಪುಕಾಗದದ ಹಾಗೆ ಉಜ್ಜಿ ಉಜ್ಜಿ ಆಯಿಲ್ ಸೀಲನ್ನು ಆಗಲೇ ಅರ್ಧ ತಿಂದಿತ್ತಂತೆ. ಕಂಬಿಯ ಕೊನೆಯಲ್ಲಿ ಕೊನೇ ಏಟು ತಡೆಯಲು ಒಂದು ರಬ್ಬರ್ ಉಂಗುರ ಇರಬೇಕು. ಮೇಸ್ತ್ರಿ ಅದರ ಅವಶೇಷವನ್ನು ನನ್ನ ಅಂಗೈಗೆ ಹಾಕಿದ: ಡಬ್ಬಿಯ ತಳದಲ್ಲಿ ಉಳಿದ ಕೋಡುಬಳೆ ಚೂರು.

ಸಾಲದ್ದಕ್ಕೆ ಇಪ್ಪತ್ತು ತೆಂಗಿನಕಾಯಿ ಟಾಪ್ ಬಾಕ್ಸಿನಲ್ಲಿದ್ದವು. ಖಾಲಿ ಮಾಡಿದಾಗ ತಳದಲ್ಲಿ ಒಂದು ಸ್ಟಿಕ್ಕರ್ ಕಂಡಿತು: ಗರಿಷ್ಠ 5 ಕೆಜಿ. ತುಂಬಿದ ಮೇಲೆ ಕಾಣದ ಜಾಗದಲ್ಲಿ ಅದನ್ನು ಅಂಟಿಸಿದ ಮಹಾನುಭಾವನನ್ನು ಒಮ್ಮೆ ನೋಡಬೇಕು. ಹಿಂದಿನ ಅಚ್ಚಿನಿಂದಲೂ ಹಿಂದಕ್ಕೆ ಚಾಚಿಕೊಂಡಿರುವ ಜಾಗ ಅದು. ಅಲ್ಲಿ ಇಟ್ಟ ಭಾರ ಏತದ ಕೊನೆಗೆ ಕಟ್ಟಿದ ಕಲ್ಲಿದ್ದ ಹಾಗೆ. ಭಾರದ್ದೆಲ್ಲ ಪಕ್ಕದ ಡಬ್ಬಗಳ ತಳದಲ್ಲಿ, ಹಿಂದೆ ಕೂತವರ ಕಾಲಿಗೆ ಹತ್ತಿರವಾಗಿ ಇರಬೇಕು. ಹಿಂದಕ್ಕೆ ಟೋಪಿ, ಟವೆಲ್ಲು, ಕುರುಕಲು ಸಾಕು.

ಶಾಕ್ಸಿನೊಳಗೆ ಒತ್ತಿ ತುಂಬಿದ್ದ ನೈಟ್ರೋಜನ್ನೂ ಸೋರಿಹೋಗಿದೆ ಅಂತ ಮೇಸ್ತ್ರಿ ಅಂದಾಗ ನನಗೆ ಆಸೆ ಚಿಗುರಿತು. "ಪೆಟ್ರೋಲ್ ಬಂಕಲ್ಲಿ ಟೈರಿಗೆ ತುಂಬ್ತಾರಲ್ಲ, ಅದೇ ಹಾಕಿಸ್ಲಾ?" ಟೈರಿನ ಒತ್ತಡ ಮೂವತ್ತೈದೋ ನಲವತ್ತೋ ಪಿಎಸ್ಐ, ಇದಕ್ಕೆ ಬೇಕಾದದ್ದು 150ರ ಆಸುಪಾಸು. ಮೇಸ್ತ್ರಿ ಉತ್ತರಿಸದೆ ತನ್ನ ಹುಡುಗನನ್ನು ಕರೆದು ನನ್ನ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿದ.

ನನ್ನವಳು, ಗೊನೆ, ಹಣ್ಣು, ಕಾಯಿ, ಇರುವೆಗಳು ಎಲ್ಲ ಕೆಂಪು ಬಸ್ಸು ಹತ್ತಿದರು. ನಾನೊಬ್ಬನೇ ದೋಣಿ ನಡೆಸಿಕೊಂಡು ಬೆಂಗಳೂರು ಸೇರಿದೆ.

ಮನೆಗೆ ಬಂದ ಮೇಲೆ ಮೊದಲ ಬಾರಿಗೆ ಬೈಕಿನ ಪುಸ್ತಕ ಓದಿದೆ. ಸವಾರ, ಹಿಂದೆ ಕೂತವರು, ಸಾಮಾನು, ಡಬ್ಬ, ಎಲ್ಲ ಸೇರಿ 180 ಕೆಜಿ ಮೀರುವಂತಿಲ್ಲ. ವಿಮಾನದ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯನ್ನು ಪಕ್ಕದ ಮನೆಯಿಂದ ತಂದು ಒಂದೊಂದೇ ನೇತುಹಾಕಿದೆ. ಡಬ್ಬಗಳು, ಅವನ್ನು ಹಿಡಿದಿರುವ ಕಂಬಿಗಳು: 20. ಹೆಲ್ಮೆಟ್ಟು, ಜಾಕೆಟ್ಟು, ಬೂಟು: 10. ಬಟ್ಟೆಬರೆ: 8. ನಮ್ಮಿಬ್ಬರನ್ನು ಕೊಕ್ಕೆಗೆ ಹಾಕುವಂತಿರಲಿಲ್ಲ. ಅವಳು 61 ಅಂತ ಅವಳು ಹೇಳಿದಳು, ನಾನು 78 ಅಂತ ನಾನೇ ಬರೆದುಕೊಂಡೆ. ಒಟ್ಟು 177. ಅಂದರೆ ಅತ್ತೆ ಮನೆಯಿಂದ ನಾವು ತರಬಹುದಾಗಿದ್ದದ್ದು ಮೂರು ಕೆಜಿ: ಒಂದು ಬಾಟಲಿ ಉಪ್ಪಿನಕಾಯಿ ಮತ್ತು ಆಶೀರ್ವಾದ. ತಂದಿದ್ದು 40. ಅದರಲ್ಲಿ ಹಲಸಿನಹಣ್ಣೇ 8.

ನನ್ನ ಶಾಕ್ಸು ಬಿಚ್ಚಿ ರಿಪೇರಿ ಮಾಡುವ ಜಾತಿಯದ್ದಾಗಿರಲಿಲ್ಲ. ಹೊಸದರ ಬೆಲೆ ಕೇಳಿದಾಗ ನನ್ನ ಎದೆಯೂ ಒಮ್ಮೆ ಧಡ್ ಅಂತ ತಳ ಮುಟ್ಟಿ ಬಂತು. ಅಂಗಡಿಯವನು ಇಬ್ಬರ ತೂಕ ಕೇಳಿ ಅದಕ್ಕೆ ತಕ್ಕ ಸ್ಪ್ರಿಂಗ್ ಕೊಟ್ಟ, ಪ್ರೀಲೋಡೂ ಅವನೇ ಇಟ್ಟುಕೊಟ್ಟ. ಮನೆಯಲ್ಲಿ ಅಳೆದು ನೋಡು ಅಂದ. ಹಿಂದಿನ ಚಕ್ರ ಗಾಳಿಯಲ್ಲಿದ್ದಾಗ ಅಚ್ಚಿನಿಂದ ನೇರ ಮೇಲೆ ಸೀಟಿನ ಕೆಳಗಿನ ಒಂದು ಗುರುತಿಗೆ ಎಷ್ಟು ಅಂತ ಬರೆದುಕೊಳ್ಳಬೇಕು. ಆಮೇಲೆ ಸಾಮಾನು ಸಮೇತ ಇಬ್ಬರೂ ಕೂತು ಮತ್ತೆ ಅಳೆಸಬೇಕು. ವ್ಯತ್ಯಾಸ, ಚಕ್ರದ ಒಟ್ಟು ಓಡಾಟದ ಮೂರರಲ್ಲಿ ಒಂದು ಭಾಗ ಇರಬೇಕು. ನನ್ನದರ ಓಡಾಟ 180 ಮಿಲಿಮೀಟರ್, ಹಾಗಾಗಿ 60. ಬೇಸ್‌ಮೆಂಟಿನಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಂತ ಬೈಕಿನ ಮೇಲೆ ನಾವಿಬ್ಬರು ಗಂಭೀರವಾಗಿ ಕೂತಿದ್ದನ್ನು, ವಾಚ್‌ಮನ್ನು ಟೈಲರ್ ಟೇಪ್ ಹಿಡಿದು ಬಗ್ಗಿದ್ದನ್ನು ಮೂರನೇ ಮಹಡಿಯವರು ನೋಡಿ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದರು. 68 ಬಂತು. ಮೂರು ಸಲ ಅಳೆಸಿದೆ. 68. ಟೇಪು ಹಳೆಯದು, ಜಗ್ಗಿಹೋಗಿದೆ ಅಂದುಕೊಂಡೆ.

ದೀಪಾವಳಿಗೆ ಮತ್ತೆ ಹೋದೆವು. ಹಂಪಿನ ಮೊದಲೇ ವೇಗ ಇಳಿಸಿ, ಹತ್ತುವಾಗ ಬ್ರೇಕ್ ಬಿಟ್ಟು, ಕಾಲಿಡುವ ಪೆಗ್ಗಿನ ಮೇಲೆ ಅರ್ಧ ಎದ್ದು ನಿಂತು, ನಮಸ್ಕಾರ ಹೇಳಿ ದಾಟಿದೆ. ಅತ್ತೆಗೆ ವಿಷಯವೆಲ್ಲ ಮಗಳಿಂದ ತಲುಪಿತ್ತು. ಈ ಸಲ ಜಗಲಿಯಲ್ಲಿ ಒಂದೇ ಒಂದು ಬಾಟಲಿ ಉಪ್ಪಿನಕಾಯಿ. ಅದನ್ನೂ ಅಡಿಕೆ ಮೂಟೆ ತೂಗುವ ತಕ್ಕಡಿಯ ಮೇಲಿಟ್ಟು, "ಎರಡೂ ಮುಕ್ಕಾಲು. ಸಾಕಲ್ಲ?" ಅಂದರು. ಆಮೇಲೆ, "ಹೆಂಗೂ ತಕ್ಕಡಿ ಹೊರಗೆ ಬಂದಿದೆ, ನೀವೂ ಒಮ್ಮೆ ಹತ್ತಿ" ಅಂದರು.

ಹತ್ತಿದೆ. ಅತ್ತೆ ಕನ್ನಡಕ ಸರಿಮಾಡಿಕೊಂಡರು. ಭಾವಮೈದ ಬಗ್ಗಿ ಓದಿದ.

"ಎಂಬತ್ತಾರು."

"ಎಪ್ಪತ್ತೆಂಟು ಅಂತಿದ್ರಲ್ಲ?" ಅಂದಳು ನನ್ನವಳು.

"ಮದುವೆಗೆ ಮುಂಚೆ ನೋಡಿದ್ದು" ಅಂದೆ.

ಅತ್ತೆ ಬೆರಳು ಮಡಿಸಿ ಲೆಕ್ಕ ಹಾಕಿದರು. "ಅಯ್ಯೋ, ಸರಿಯಾಗಿ ಒಂದು ಹಲಸಿನಹಣ್ಣು! ಪಾಪ, ಅದರ ಮೇಲೆ ಸುಮ್ಮನೆ ಹೆಸರು ಬಂತು." ಉಪ್ಪಿನಕಾಯಿ ಬಾಟಲಿಯನ್ನು ತಾವೇ ಡಬ್ಬದ ತಳದಲ್ಲಿ ಭದ್ರವಾಗಿ ಕೂರಿಸಿ, ನನಗೆಂದು ತಂದಿಟ್ಟಿದ್ದ ಸೌತೆಕಾಯಿ ಕಡುಬಿನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದರು.